ನೋಡದೆ ಹಾಕಿದ ಸಹಿ

ಮನೆಯಿಂದ,
ಗುರುವಾರ ಮಧ್ಯಾಹ್ನ

ಅಕ್ಕಾ,

ಮೊದಲು 'ಮಾನ್ಯ ಮೇಟ್ರನ್ ಅವರಿಗೆ' ಎಂದು ಬರೆದೆ. ಅದನ್ನು ಹೊಡೆದು ಹಾಕಿ ಬೇರೆ ಹಾಳೆ ತೆಗೆದುಕೊಂಡಿದ್ದೇನೆ. ಮೇಟ್ರನ್‌ಗೆ ಬರೆದ ಕಾಗದಕ್ಕೆ ಮೊದಲು ಒಂದು ಸಂಖ್ಯೆ ಬೀಳುತ್ತದೆ, ಆಮೇಲೆ ಗುಮಾಸ್ತರು ಓದುತ್ತಾರೆ, ಕೊನೆಗೆ ನೀನು. ಇದನ್ನು ನೀನೇ ಮೊದಲು ಓದಬೇಕು, ಅದೂ ನಾಳೆ ಹನ್ನೊಂದು ಗಂಟೆಗೆ ಆಸ್ಪತ್ರೆಯಲ್ಲಿ ನಡೆಯುವ ವಿಚಾರಣೆಗೆ ಮುಂಚೆ.

ಬಾಯಲ್ಲೇ ಹೇಳಬಹುದಿತ್ತು. ಆದರೆ ಮಂಗಳವಾರ ನಾನು ಫೋನ್ ಮಾಡಿದಾಗ ನೀನು ಆಫೀಸಿನಲ್ಲಿ ಮಾತಾಡೋಣ ಎಂದೆ. ನಿನ್ನೆ ಆಫೀಸಿಗೆ ಬಂದರೆ ಗುಮಾಸ್ತರ ಎದುರು ನನ್ನನ್ನು 'ನೀವು' ಎಂದು ಕರೆದು ಕುರ್ಚಿ ತೋರಿಸಿದೆ. ನಿನ್ನ ಮನೆಗೆ ಬಂದರೆ ಭಾವ ಟಿವಿಯ ಸದ್ದು ಹೆಚ್ಚು ಮಾಡುತ್ತಾರೆ, ನೀನು ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ಜೋಡಿಸುತ್ತ ನಿಲ್ಲುತ್ತೀಯ. ಇನ್ನು ಉಳಿದಿರುವುದು ಕಾಗದ.

ನಿನ್ನೆ ನೀನು ನನ್ನ ಮುಂದೆ ಎರಡು ವಸ್ತು ಇಟ್ಟೆ. ಒಂದು, ಅಮಾನತಾಗಿರುವ ಆ ಹೊಸ ನರ್ಸ್ ಹುಡುಗಿಯ ತರಬೇತಿ ಪುಸ್ತಕ. ಇನ್ನೊಂದು, ನನ್ನ ಹೆಸರಿನಲ್ಲಿ ಟೈಪ್ ಮಾಡಿಸಿದ್ದ ಹೇಳಿಕೆ. ಪುಸ್ತಕದಲ್ಲಿ ಮೂಗಿನ ಟ್ಯೂಬಿನ ಮೂಲಕ ಆಹಾರ ಕೊಡುವ ಪುಟ ತೆರೆದಿತ್ತು. ಪ್ರತಿ ಕೆಲಸಕ್ಕೂ ಮೂರು ಚೌಕ: ಹಿರಿಯರು ಮಾಡುವುದನ್ನು ನೋಡಿದ್ದು, ಹಿರಿಯರ ಜೊತೆ ಮಾಡಿದ್ದು, ಹಿರಿಯರ ಎದುರು ಒಬ್ಬಳೇ ಮಾಡಿದ್ದು. ಮೊದಲ ಎರಡರಲ್ಲಿ ನನ್ನ ಸಹಿ ಪೂರ್ತಿ ಇತ್ತು. ಮೂರನೆಯದರಲ್ಲಿ ನನ್ನ ಹೆಸರಿನ ಎರಡಕ್ಷರ ಮಾತ್ರ ಇತ್ತು, ಅದರ ಪಕ್ಕ ನೀನು ಪೆನ್ಸಿಲಿನಲ್ಲಿ ಹಾಕಿದ ಸಣ್ಣ ಗುರುತು.

ನೀನು ಹೇಳಿದ್ದು ಇಷ್ಟೆ: "ಮೂರನೇದು ಅರ್ಧಕ್ಕೇ ನಿಂತಿದೆ ನೋಡಿ. ಪೂರ್ತಿ ಮಾಡ್ಬಿಡಿ."

ಗುಮಾಸ್ತರು ಫೈಲ್ ತರಲು ಹೊರಗೆ ಹೋದರು. ಬಾಗಿಲು ಮುಚ್ಚಿಕೊಂಡದ್ದೇ ನಿನ್ನ ಮಾತು ಬದಲಾಯಿತು.

"ನೋಡು, ಒಬ್ಬಳು ಹುಡುಗಿ ಹೋದ್ರೆ ಇನ್ನೊಬ್ಬಳು ಬರ್ತಾಳೆ. ಆಸ್ಪತ್ರೆ ಹೆಸರು ಹೋದ್ರೆ ಯಾರು ತಂದ್ಕೊಡ್ತಾರೆ, ನೀನಾ?"

ನಾನು ಪುಸ್ತಕವನ್ನೂ ಹೇಳಿಕೆಯನ್ನೂ ಚೀಲಕ್ಕೆ ಹಾಕಿಕೊಂಡು ಎದ್ದು ಬಂದೆ. ನೀನು ಅದನ್ನು ಒಪ್ಪಿಗೆ ಎಂದುಕೊಂಡಿರಬೇಕು, ಹಿಂದಿನಿಂದ "ಊಟ ಮಾಡ್ಕೊಂಡು ಹೋಗೇ" ಎಂದೆ.

ನಾನು ಸಹಿ ಹಾಕುವುದಿಲ್ಲ, ಅಕ್ಕಾ. ಆ ಚೌಕ ಪೂರ್ತಿಯಾದರೆ ಏನಾಗುತ್ತದೆಂದು ನಿನಗೂ ಗೊತ್ತು, ನನಗೂ ಗೊತ್ತು. ಎಲ್ಲ ಕಲಿಸಿದ್ದರು, ಮೂರು ಹಂತವೂ ಮುಗಿದಿತ್ತು, ಆದರೂ ತಪ್ಪು ಮಾಡಿದಳು ಎಂದಾಗುತ್ತದೆ. ಕೆಲಸ ಹೋಗುವುದಷ್ಟೇ ಅಲ್ಲ. ನರ್ಸಿಂಗ್ ಮಂಡಳಿಗೆ ಅವಳ ಹೆಸರು ಹೋಗುತ್ತದೆ, ನೋಂದಣಿ ರದ್ದಾಗುತ್ತದೆ, ಇನ್ನೆಲ್ಲೂ ಅವಳು ಒಂದು ಥರ್ಮಾಮೀಟರ್ ಕೂಡ ಹಿಡಿಯುವಂತಿರುವುದಿಲ್ಲ. ಬಂದು ಇನ್ನೂ ಏಳು ವಾರವಾಗಿಲ್ಲ.

ನನ್ನ ಹೆಸರಿನಲ್ಲಿ ನೀನು ಬರೆಸಿದ ಹೇಳಿಕೆಯಲ್ಲಿ ಸೋಮವಾರದ ಘಟನೆ ನಾಲ್ಕು ಸಾಲಿನಲ್ಲಿ ಮುಗಿದಿದೆ. 'ಸಿಬ್ಬಂದಿಯ ವೈಯಕ್ತಿಕ ನಿರ್ಲಕ್ಷ್ಯ' ಎಂಬ ಮಾತು ಅದರಲ್ಲಿ ಎರಡು ಸಲ ಬಂದಿದೆ. ಯಾರು ಟೈಪ್ ಮಾಡಿದರೋ, ಆ ಮಾತು ಅವರ ಬೆರಳಿಗೆ ಚೆನ್ನಾಗಿ ರೂಢಿಯಾಗಿರಬೇಕು. ವಾರ್ಡಿನಲ್ಲಿ ನಡೆದದ್ದನ್ನು ನಾನು ಬರೆಯುತ್ತೇನೆ.

ಏಳನೆಯ ಹಾಸಿಗೆಯವರು ಗಡಿಯಾರ ರಿಪೇರಿ ಮಾಡುತ್ತಿದ್ದ ವೃದ್ಧರು. ಪಾರ್ಶ್ವವಾಯು ಬಡಿದು ನುಂಗುವ ಶಕ್ತಿ ಹೋಗಿತ್ತು, ಮೂಗಿನಲ್ಲಿ ಟ್ಯೂಬ್ ಇತ್ತು. ಸೋಮವಾರ ಮಧ್ಯಾಹ್ನ ಊಟದ ಹೊತ್ತಿಗೆ ಮುಂಚೆ ಅವರಿಗೆ ಕೆಮ್ಮು ಬಂದು, ಕೈ ತಾಗಿ, ಟ್ಯೂಬಿನ ಅಂಟುಪಟ್ಟಿ ಬಿಟ್ಟುಕೊಂಡಿತು. ಹುಡುಗಿ ಹೊಸ ಪಟ್ಟಿ ಅಂಟಿಸಿದಳು. ಎರಡೂವರೆಗೆ ಆಹಾರ ಕೊಡುವ ಮುಂಚೆ ಟ್ಯೂಬ್ ಜಠರದಲ್ಲೇ ಇದೆಯೇ ಎಂದು ಪರೀಕ್ಷೆಯನ್ನೂ ಮಾಡಿದಳು. ಅವಳು ಪರೀಕ್ಷೆ ಮಾಡಲಿಲ್ಲ ಎಂದು ಬರೆದಿದ್ದೀರಲ್ಲ, ಅದು ಸುಳ್ಳು. ಮಾಡಿದಳು, ಕಾಲೇಜಿನಲ್ಲಿ ಕಲಿತ ಹಳೆಯ ರೀತಿಯಲ್ಲಿ ಮಾಡಿದಳು. ಸಿರಿಂಜಿನಿಂದ ಗಾಳಿ ತಳ್ಳಿ, ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳಿದಳು. ಗುಳುಗುಳು ಎಂದಿತು. ಸರಿಯಾಗಿದೆ ಎಂದುಕೊಂಡಳು.

ಆ ಗುಳುಗುಳು ನಂಬುವಂಥದ್ದಲ್ಲ ಎಂದು ನಮ್ಮ ಗೋಡೆಯ ಮೇಲೆ ಆರು ವರ್ಷದಿಂದ ಬರೆದು ಹಾಕಿದೆ. ಟ್ಯೂಬ್ ಶ್ವಾಸನಾಳಕ್ಕೆ ಹೋಗಿದ್ದರೂ ಹಾಗೆಯೇ ಸದ್ದು ಬರಬಹುದು. ಸ್ವಲ್ಪ ರಸ ಎಳೆದು, ಕಾಗದದ ಪಟ್ಟಿಗೆ ಮುಟ್ಟಿಸಿ, ಜಠರದ ಹುಳಿ ಇದೆಯೇ ಎಂದು ಬಣ್ಣ ನೋಡಬೇಕು. ಹೊಸಬರಿಗೆ ಆ ಪಟ್ಟಿ ತೋರಿಸಿದವರು ಯಾರು? ಪಟ್ಟಿಯ ಡಬ್ಬಿ ನನ್ನ ಬೀರುವಿನಲ್ಲಿ ಬೀಗದೊಳಗಿದೆ. ಸುಮ್ಮನೆ ಖರ್ಚು ಮಾಡುತ್ತಾರೆ ಎಂದು ನಾನೇ ಇಟ್ಟದ್ದು. ಕೀಲಿ ನನ್ನ ಸೊಂಟದಲ್ಲಿರುತ್ತದೆ. ಗೋಡೆಯ ಮೇಲಿನ ಬರಹದ ಮುಂದೆ ಈಗ ಸಲೈನ್ ಸ್ಟ್ಯಾಂಡುಗಳು ನಿಂತಿವೆ.

ಐವತ್ತು ಮಿಲಿಲೀಟರ್ ಹೋಗುವಷ್ಟರಲ್ಲಿ ಅವರ ತುಟಿ ನೀಲಿಯಾಯಿತು. ಹುಡುಗಿ ಕೂಡಲೇ ನಿಲ್ಲಿಸಿದಳು, ಪಕ್ಕಕ್ಕೆ ತಿರುಗಿಸಿದಳು, ಗಂಟಲಲ್ಲಿದ್ದದ್ದನ್ನು ಎಳೆಯಲು ಸಕ್ಷನ್ ಹಾಕಿದಳು, ಕೂಗಿ ಕರೆದಳು. ಆ ಮೂರು ನಿಮಿಷದಲ್ಲಿ ಅವಳು ಮಾಡಿದ್ದರಲ್ಲಿ ಒಂದೂ ತಪ್ಪಿಲ್ಲ. ನಿನ್ನ ನಾಲ್ಕು ಸಾಲಿನಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ. ಅವರು ಎರಡೂವರೆ ದಿನ ಉಸಿರಾಟದ ಯಂತ್ರದ ಮೇಲಿದ್ದರು. ಇವತ್ತು ಬೆಳಿಗ್ಗೆ ಯಂತ್ರ ತೆಗೆದಿದ್ದಾರೆ, ಮುಖಕ್ಕೆ ಆಮ್ಲಜನಕದ ಮಾಸ್ಕ್ ಮಾತ್ರ ಇದೆ. ಐಸಿಯು ಬಾಗಿಲಲ್ಲಿ ಅವರ ಮಗಳು ಸಿಕ್ಕಿದ್ದರು. ಬೈಯುತ್ತಾರೆ ಎಂದು ನಿಂತೆ. ಆ ಹುಡುಗಿ ಎಲ್ಲಿ, ಅಪ್ಪನ ಹತ್ತಿರ ನಿಂತು ಮಾತಾಡುತ್ತಿದ್ದವಳು ಅವಳೊಬ್ಬಳೇ ಎಂದು ಕೇಳಿದರು. ಅಮಾನತಿನಲ್ಲಿದ್ದಾಳೆ ಎಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ. ರಜೆ ಎಂದೆ.

ಈಗ ನಿನ್ನನ್ನು ಒಂದು ಮಾತು ಕೇಳುತ್ತೇನೆ. ನನಗೆ ಇದೇ ಕೆಲಸವನ್ನು ನೀನು ಹೇಗೆ ಕಲಿಸಿದೆ?

ಹಳೆಯ ಕಟ್ಟಡದ ತರಬೇತಿ ಕೋಣೆ, ಕಿಟಕಿಗೆ ಗಾಜಿನ ಬದಲು ರಟ್ಟು. ಗೊಂಬೆಯ ಮೇಲೆ ಮಾಡಿ ತೋರಿಸುತ್ತೇನೆ ಎಂದರೆ ನೀನು ಒಪ್ಪಲಿಲ್ಲ. "ಗೊಂಬೆಗೆ ನೋವಾಗಲ್ಲ, ನಿನಗೆ ಬುದ್ಧಿನೂ ಬರಲ್ಲ" ಎಂದು ನೀನೇ ಮಂಚದ ಮೇಲೆ ಕೂತು ಮೂಗು ಕೊಟ್ಟೆ. ಟ್ಯೂಬ್ ಒಳಗೆ ಹೋಗುವಾಗ ನಿನ್ನ ಕಣ್ಣಿಂದ ನೀರು ಸುರಿಯುತ್ತಿತ್ತು. ಮಾತಾಡಲಾಗದೆ ಬೆರಳೆತ್ತಿ ನನ್ನನ್ನು ನಿಲ್ಲಿಸಿದೆ, ಒಂದು ಗುಟುಕು ನೀರು ನುಂಗಿ ಮುಂದೆ ತಳ್ಳು ಎಂದು ಸನ್ನೆ ಮಾಡಿದೆ. ಆಮೇಲೆ ಮೂರು ದಿನ ನಿನಗೆ ಗಂಟಲು ಕಟ್ಟಿತ್ತು. ಅಮ್ಮ ಐಸ್‌ಕ್ರೀಂ ತಿಂದಿದ್ದೀಯ ಎಂದು ನಿನ್ನನ್ನೇ ಗದರಿದರು, ನೀನು ಹೌದೆಂದೆ. ಮೂರನೆಯ ಚೌಕಕ್ಕೆ ಸಹಿ ಹಾಕಲು ನನ್ನನ್ನು ಐದು ವಾರ ಕಾಯಿಸಿದೆ. ತಂಗಿ ಅಂತ ಹಾಕಿಕೊಟ್ಟಳು ಎಂದು ಯಾರೂ ಆಡಬಾರದು ಎಂದೆ. ಆಗ ನನಗೆ ನಿನ್ನ ಮೇಲೆ ಎಷ್ಟು ಸಿಟ್ಟಿತ್ತೋ, ಇವತ್ತು ಆ ಐದು ವಾರಕ್ಕಾಗಿ ಅಷ್ಟೇ ಹೆಮ್ಮೆಯಿದೆ. ಅದಕ್ಕೇ ಈ ಪೆನ್ಸಿಲ್ ಗುರುತು ನನ್ನನ್ನು ಇಷ್ಟು ಕೆರಳಿಸಿದೆ.

ವಾರ್ಡಿನಲ್ಲಿ ನಾವು 'ಸಹಿ ದಿನ' ಎನ್ನುವುದು ಯಾವಾಗ ಶುರುವಾಯಿತೆಂದು ನಾನು ಲೆಕ್ಕ ಹಾಕಿ ನೋಡಿದೆ. ಹನ್ನೊಂದು ವರ್ಷ. ನೀನು ಆಗ ಈ ವಾರ್ಡಿನ ಉಸ್ತುವಾರಿ. ಒಂದೇ ತಿಂಗಳಲ್ಲಿ ಹದಿನಾರು ಜನ ಕೆಲಸ ಬಿಟ್ಟು ಹೋಗಿದ್ದರು, ತಪಾಸಣೆಯವರು ಬರುತ್ತಾರೆ ಎಂದು ಸುದ್ದಿ. ಹೊಸಬರ ಪುಸ್ತಕಗಳೆಲ್ಲ ಖಾಲಿ. ಇದೊಂದು ಸಲ ಎಂದು ನಮ್ಮನ್ನೆಲ್ಲ ಮೇಜಿನ ಸುತ್ತ ಕೂರಿಸಿ ಖಾಲಿ ಚೌಕಗಳಿಗೆ ಸಹಿ ಹಾಕಿಸಿದೆ. ತಪಾಸಣೆಯವರು ಪುಸ್ತಕ ನೋಡಿ ಹೊಗಳಿ ಹೋದರು. ಮುಂದಿನ ತಿಂಗಳೂ ಜನ ಬರಲಿಲ್ಲ. ಆ ಒಂದು ಸಲ ಹನ್ನೊಂದು ವರ್ಷ ನಡೆಯಿತು.

ನೀನು ಮೇಟ್ರನ್ ಆಗಿ ಮೇಲಿನ ಮಹಡಿಗೆ ಹೋದ ಮೇಲೆ ಉಸ್ತುವಾರಿ ನನಗೆ ಬಂತು, ನಾನು ಅದನ್ನು ಇನ್ನಷ್ಟು ಚೊಕ್ಕ ಮಾಡಿದೆ. ತಿಂಗಳ ಕೊನೆಯ ದಿನ, ಮಧ್ಯಾಹ್ನದ ಊಟವಾದ ಮೇಲೆ, ಚಹಾ, ಬಿಸ್ಕತ್ತು, ಪುಸ್ತಕಗಳ ರಾಶಿ. ಎಲ್ಲ ಸಹಿಯೂ ಒಂದೇ ದಿನದ್ದೆಂದು ಕಾಣಬಾರದೆಂದು ಮೂರು ಪೆನ್ನು ಬಳಸುವುದನ್ನು ಹೇಳಿಕೊಟ್ಟವಳು ನಾನು: ನೀಲಿ, ಕಪ್ಪು, ಮತ್ತೆ ಸ್ವಲ್ಪ ಮಾಸಿದ ನೀಲಿ. ನೆಲ ಒರೆಸುವ ಆಯಮ್ಮ ಪ್ರತಿ ಸಲವೂ ಬಕೆಟ್ ಕೆಳಗಿಟ್ಟು, "ಏನ್ರಮ್ಮ, ಸಿನಿಮಾ ತಾರೆಗಳು ಆಟೋಗ್ರಾಫ್ ಕೊಡೋಕೆ ಕೂತ್ರಾ?" ಎನ್ನುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಹೊಸಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ತಾರೀಕು ಬರೆಸುತ್ತಿದ್ದೆವು. ಅವರೂ ನಗುತ್ತಿದ್ದರು.

ಕಳೆದ ವರ್ಷ ಮಾರ್ಗದರ್ಶನ ಸಪ್ತಾಹದಲ್ಲಿ ನೀನು ವೇದಿಕೆಯ ಮೇಲೆ ಇಪ್ಪತ್ತು ನಿಮಿಷ ಮಾತಾಡಿದೆ. ಹಿರಿಯ ನರ್ಸಿನ ಕಣ್ಣು ಕಿರಿಯಳ ಕೈಯ ಮೇಲಿರಬೇಕು ಎಂದೆ. ಚಪ್ಪಾಳೆ ಬಿತ್ತು. ನನಗೆ ಉತ್ತಮ ಮಾರ್ಗದರ್ಶಕಿ ಎಂಬ ಪ್ರಶಸ್ತಿಪತ್ರ ಕೊಟ್ಟೆ. ಅದನ್ನು ಯಾರೋ ನಮ್ಮ ವಿಶ್ರಾಂತಿ ಕೋಣೆಯಲ್ಲಿ ನೀರು ಕಾಯಿಸುವ ಕೆಟಲ್‌ನ ಮೇಲೆ ತೂಗುಹಾಕಿದ್ದಾರೆ. ಹಬೆ ಹತ್ತಿ ನನ್ನ ಹೆಸರು ಅಳಿಸಿಹೋಗುತ್ತಿದೆ. ಒಳ್ಳೆಯದೇ ಆಯಿತು. ಹದಿನಾಲ್ಕು ರೋಗಿಗಳಿಗೆ ಒಬ್ಬ ನರ್ಸನ್ನು ಕೊಟ್ಟು ಅವಳ ಕಣ್ಣು ಇನ್ನೊಬ್ಬಳ ಕೈಯ ಮೇಲೆ ಇರಬೇಕು ಎನ್ನುವುದಾದರೆ, ಆ ಕಣ್ಣನ್ನು ಎಲ್ಲಿಂದ ತರಬೇಕೆಂದೂ ಮೇಟ್ರನ್ ಹೇಳಬೇಕಾಗಿತ್ತು. ಜನ ಬೇಕೆಂದು ನಾನು ನಿನಗೆ ಒಂಬತ್ತು ಸಲ ಬರೆದಿದ್ದೇನೆ. ಒಂಬತ್ತಕ್ಕೂ 'ಪರಿಶೀಲಿಸಲಾಗುವುದು' ಎಂದು ಉತ್ತರ ಬಂದಿದೆ.

ಇನ್ನು ನೀನು ಬರೆಸಿದ ಹೇಳಿಕೆಯ ಕೊನೆಯ ಸಾಲು. 'ಸದರಿ ಸಿಬ್ಬಂದಿಯು ಹಿರಿಯರ ಸಹಾಯವನ್ನು ಕೋರಿರುವುದಿಲ್ಲ.' ಆ ಹುಡುಗಿಗೆ ವಾರ್ಡಿನಲ್ಲಿ ಇಟ್ಟ ಹೆಸರೇನು ಗೊತ್ತೆ? ಪ್ರಶ್ನೆಪತ್ರಿಕೆ. ಬಂದ ಮೊದಲ ದಿನದಿಂದ ಕೇಳುತ್ತಲೇ ಇದ್ದಳು. ಈ ಔಷಧಿ ಊಟಕ್ಕೆ ಮುಂಚೆ ಯಾಕೆ, ಈ ಹಾಸಿಗೆ ಕಿಟಕಿಯ ಕಡೆ ಯಾಕೆ, ಇವರು ನಿನ್ನೆಗಿಂತ ಇವತ್ತು ಸುಮ್ಮನಿದ್ದಾರಲ್ಲ ಯಾಕೆ. "ಪ್ರಶ್ನೆಪತ್ರಿಕೆ ಬಂತು, ಎಲ್ಲರೂ ಉತ್ತರ ಬರೀರಿ" ಎಂದು ಹಿರಿಯರು ಎದ್ದು ಹೋಗುತ್ತಿದ್ದರು. ಏಳು ವಾರ ತುಂಬುವ ಮುಂಚೆಯೇ ಅವಳು ಕೇಳುವುದು ಕಡಿಮೆಯಾಗಿತ್ತು. ನಾವು ಅದನ್ನು ಪಳಗಿದಳು ಎಂದುಕೊಂಡೆವು.

ಸೋಮವಾರ ಅವಳು ಕೇಳಿದಳು, ಅಕ್ಕಾ. ನನ್ನನ್ನೇ ಕೇಳಿದಳು.

ಎರಡೂಕಾಲಿಗೆ ಮೇಜಿನ ಹತ್ತಿರ ಬಂದು ನಿಂತಳು. ಕೈಯಲ್ಲಿ ಸಿರಿಂಜಿನ ತಟ್ಟೆ ಇತ್ತು. "ಸಿಸ್ಟರ್, ಏಳನೇ ಬೆಡ್‌ಗೆ ಒಂದ್ಸಲ ಬರ್ತೀರಾ? ಟ್ಯೂಬ್ ಫೀಡ್ ನಾನು ಒಬ್ಳೇ ಯಾವತ್ತೂ ಮಾಡಿಲ್ಲ. ಊಟಕ್ಕೆ ಮುಂಚೆ ಪಟ್ಟಿ ಬೇರೆ ಕಿತ್ಕೊಂಡಿತ್ತು."

ನಾನು ತಲೆ ಎತ್ತಲಿಲ್ಲ. "ಮೂರು ವರ್ಷ ಕಾಲೇಜಲ್ಲಿ ಏನ್ ಮಾಡ್ದೆ, ಬೆಂಚ್ ಬಿಸಿ ಮಾಡಿದ್ಯಾ? ಹೋಗು, ಮಾಡು. ನಿನ್ನ ಪುಸ್ತಕದಲ್ಲಿ ಆಗಿದೆ ಅಂತಾನೇ ಬರೀತಿದ್ದೀನಲ್ಲ."

ಮೇಜಿನ ಸುತ್ತ ಇದ್ದವರು ನಕ್ಕರು. ಅವಳೂ ನಕ್ಕಂತೆ ಮಾಡಿ ಹೋದಳು.

ಅದು ತಿಂಗಳ ಕೊನೆಯ ದಿನವಾಗಿತ್ತು. ನನ್ನ ಮುಂದೆ ಇದ್ದದ್ದು ಅವಳದೇ ಪುಸ್ತಕ, ಅದೇ ಪುಟ. ಏಳನೆಯ ಹಾಸಿಗೆ ಅಲ್ಲಿಂದ ಹದಿನೆಂಟು ಹೆಜ್ಜೆ, ನಿನ್ನೆ ನಡೆದು ನೋಡಿದೆ. ಅವಳು ಮಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ ಎಂದು ಬರೆಯುವುದರಲ್ಲಿ ಬಿಡುವಿಲ್ಲದೆ, ಅವಳು ಮಾಡುವುದನ್ನು ನೋಡಲು ನಾನು ಏಳಲಿಲ್ಲ. ಮೊದಲ ಚೌಕ ನೀಲಿ, ಎರಡನೆಯದು ಕಪ್ಪು. ಮೂರನೆಯದಕ್ಕೆ ಮಾಸಿದ ನೀಲಿ ಪೆನ್ನು ಹುಡುಕಿ, ಎರಡಕ್ಷರ ಬರೆಯುವಷ್ಟರಲ್ಲಿ ಅವಳ ಕೂಗು ಕೇಳಿಸಿತು. ಆ ಸಹಿ ಅರ್ಧಕ್ಕೆ ನಿಂತದ್ದು ಹಾಗೆ. ನಿನ್ನೆ ನೀನು ಪೂರ್ತಿ ಮಾಡು ಎಂದೆ, ಯಾಕೆ ಅರ್ಧವಾಯಿತೆಂದು ಕೇಳಲಿಲ್ಲ. ಕೇಳಿದ್ದರೆ ನಿನ್ನೆಯೇ ಹೇಳುತ್ತಿದ್ದೆನೋ ಇಲ್ಲವೋ ನನಗೂ ಗೊತ್ತಿಲ್ಲ. ಮೂರು ದಿನ ಬೇಕಾಯಿತು ಇಷ್ಟು ಬರೆಯಲು.

ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳುವ ಅರ್ಹತೆ ನನಗಿದೆಯೇ ಎಂದು ನೀನು ಕೇಳಬಹುದು. ಇಲ್ಲದಿದ್ದರೂ ಸಿಟ್ಟಿದೆ. ನಾನು ನೋಡದೆ ಸಹಿ ಹಾಕಿದೆ. ನೀನು ನೋಡಿ, ತಿಳಿದು, ಪೆನ್ಸಿಲಿನಲ್ಲಿ ಜಾಗ ತೋರಿಸಿ, ಹಾಕು ಎನ್ನುತ್ತಿದ್ದೀಯ. ನನ್ನದು ಸೋಮಾರಿತನ, ನಿನ್ನದಕ್ಕೆ ನನಗೆ ಶಬ್ದ ಸಿಗುತ್ತಿಲ್ಲ. ನಿನ್ನ ಹತ್ತಿರ ಕಲಿತವರಿಗೆ ನೀನು ಹೀಗೆ ಹೇಳಬಹುದೆಂದು ಮೊನ್ನೆಯವರೆಗೆ ಯಾರಾದರೂ ಅಂದಿದ್ದರೆ ನಾನು ಅವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆ.

ನಾಳೆ ಹನ್ನೊಂದಕ್ಕೆ ನಾನು ಪುಸ್ತಕ ತೆಗೆದುಕೊಂಡು ಬರುತ್ತೇನೆ. ಮೊದಲ ಎರಡು ಸಹಿಗಳ ಪಕ್ಕದಲ್ಲಿ 'ನಾನು ನೋಡಿಲ್ಲ' ಎಂದು ಬರೆದು, ಇವತ್ತಿನ ತಾರೀಕು ಹಾಕಿದ್ದೇನೆ. ಮೂರನೆಯದು ಇದ್ದ ಹಾಗೇ ಇದೆ, ನಿನ್ನ ಪೆನ್ಸಿಲ್ ಗುರುತಿನ ಸಮೇತ. ಅದನ್ನು ನಾನು ಅಳಿಸುವುದಿಲ್ಲ. ಅಳಿಸಬೇಕೆನಿಸಿದರೆ ವಿಚಾರಣಾ ಸಮಿತಿಯ ಎದುರು ನೀನೇ ರಬ್ಬರ್ ಕೇಳು. ಸಹಿ ದಿನದ ಬಗ್ಗೆ, ಮೂರು ಪೆನ್ನುಗಳ ಬಗ್ಗೆ, ಬೀರುವಿನ ಕೀಲಿಯ ಬಗ್ಗೆ, ಎರಡೂಕಾಲಿಗೆ ಅವಳು ಕೇಳಿದ್ದರ ಬಗ್ಗೆ, ನಾನು ಕೊಟ್ಟ ಉತ್ತರದ ಬಗ್ಗೆ ಹೇಳುತ್ತೇನೆ. ಹನ್ನೊಂದು ವರ್ಷದ ಹಿಂದೆ ಶುರು ಮಾಡಿದವರು ಯಾರೆಂದು ಕೇಳಿದರೆ ಅದನ್ನೂ ಹೇಳುತ್ತೇನೆ. ನನಗಿಂತ ಮುಂಚೆ ನೀನೇ ಹೇಳಲಿ ಎಂದು ಇದನ್ನು ಇವತ್ತೇ ಕಳಿಸುತ್ತಿದ್ದೇನೆ. ಬೇರೆ ಯಾವ ಉದ್ದೇಶವೂ ಇಲ್ಲ.

ನನ್ನ ಉಸ್ತುವಾರಿ ಹೋಗುತ್ತದೆ, ಕೆಲಸವೂ ಹೋಗಬಹುದು. ಅದಕ್ಕೆ ತಯಾರಾಗಿದ್ದೇನೆ ಎಂದರೆ ಸುಳ್ಳಾಗುತ್ತದೆ. ಬೆಳಿಗ್ಗೆಯಿಂದ ಎರಡು ಸಲ ಸಮವಸ್ತ್ರ ಇಸ್ತ್ರಿ ಮಾಡಿದ್ದೇನೆ.

ನಿನ್ನ ತಂಗಿ,
ನಿನ್ನ ಹತ್ತಿರ ಐದು ವಾರ ಕಾದು ಸಹಿ ಪಡೆದವಳು

ಇನ್ನೊಂದು ಮಾತು: ಪತ್ರ ಮಡಚಿ ಲಕೋಟೆಗೆ ಹಾಕುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಅದೇ ಹುಡುಗಿ. ನಾಳೆಗೆ ತನ್ನ ವಿವರಣೆ ಬರೆದುಕೊಂಡು ಬಂದಿದ್ದಾಳೆ, ಭಾಷೆ ಸರಿಯಾಗಿದೆಯೇ ನೋಡಿಕೊಡಬೇಕಂತೆ. ಓದಿದೆ. ಮೂರು ಹಂತವನ್ನೂ ಹಿರಿಯರ ಎದುರೇ ಮುಗಿಸಿದ್ದೆ, ಸೋಮವಾರ ಯಾರ ಸಹಾಯವನ್ನೂ ಕೇಳಲಿಲ್ಲ, ತಪ್ಪೆಲ್ಲ ನನ್ನದೇ ಎಂದು ಬರೆದಿದ್ದಾಳೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಕಾಗದಗಳೂ ಒಂದೇ ಮಾತು ಹೇಳುತ್ತಿದ್ದವು, ನಿನ್ನದು, ಅವಳದು, ನನ್ನದು. ಯಾಕೆ ಹೀಗೆ ಬರೆದೆ ಎಂದು ಕೇಳಿದೆ. "ನೀವೂ ಹೋದ್ರೆ ಉಳಿದವರಿಗೆ ಯಾರು ಕಲಿಸ್ತಾರೆ, ಸಿಸ್ಟರ್?" ಎಂದಳು. ವ್ಯಂಗ್ಯವಿರಲಿಲ್ಲ, ಅಕ್ಕಾ. ನಿಜವಾಗಿಯೂ ಕೇಳಿದಳು.

ನಾವು ಈ ಹುಡುಗಿಗೆ ಒಂದೇ ಒಂದು ಕೆಲಸವನ್ನು ಕ್ರಮವಾಗಿ ಕಲಿಸಿದ್ದೇವೆ. ನಾವು ಸುಳ್ಳು ಬರೆಯುವುದನ್ನು ನೋಡಿದಳು, ನಮ್ಮ ಜೊತೆ ಕೂತು ತಾರೀಕು ಹಾಕಿದಳು, ಇವತ್ತು ಒಬ್ಬಳೇ ಬರೆದು ತಂದಿದ್ದಾಳೆ.

ಹರಿದು ಹಾಕಿಸಿದೆ. ಈಗ ನಮ್ಮ ಊಟದ ಮೇಜಿನ ಮೇಲೆ ಮೊದಲಿಂದ ಬರೆಯುತ್ತಿದ್ದಾಳೆ. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೇನೆ.